ಬೋರ್ಡ್ ಹೋಗಿದೆ ಎಂದು ಹೇಳಿದ್ದೆ

ನಾನು ನಿವೃತ್ತನಾದಾಗ ಪುಣೆಯಲ್ಲಿರುವ ಮಗಳು ಒಂದು ಟ್ಯಾಬ್ ಕಳಿಸಿದಳು. ಅಪ್ಪ ಪೇಪರ್ ಓದಲಿ, ಕ್ರಿಕೆಟ್ ನೋಡಲಿ ಎಂದು. ಹೈದರಾಬಾದಿನ ರಕ್ಷಣಾ ಕಾರ್ಖಾನೆಯೊಂದರ ತಪಾಸಣೆ ವಿಭಾಗದಲ್ಲಿ ಮೂವತ್ತು ವರ್ಷಕ್ಕೂ ಮೇಲೆ ಇದ್ದವನು ನಾನು. ಬೇರೆಯವರು ಮಾಡಿದ ಬಿಡಿಭಾಗಗಳನ್ನು ಅಳೆದು, ಪಾಸೋ ಫೇಲೋ ಹೇಳುವುದೇ ಕೆಲಸ. ಆ ಟ್ಯಾಬನ್ನು ಎರಡು ತಿಂಗಳು ಬಳಸಿ, ಕಣ್ಣು ನೋಯುತ್ತದೆಂದು ಕಪಾಟಿನಲ್ಲಿಟ್ಟುಬಿಟ್ಟೆ. ನನ್ನ ಹೆಂಡತಿ ಅದನ್ನು ಕೈಗೆತ್ತಿಕೊಂಡಳು.

ಅವಳು ಧಾರವಾಡದವಳು. ಕಸೂತಿಯನ್ನು ತಾಯಿಯಿಂದ ಕಲಿತವಳು. ಟ್ಯಾಬಿನಲ್ಲಿ ಚೌಕುಳಿ ಗೆರೆಗಳ ಮೇಲೆ ಗೋಪುರ, ನವಿಲು, ತುಳಸಿಕಟ್ಟೆಯ ನಕಾಶಿಗಳನ್ನು ಬರೆಯತೊಡಗಿದಳು. ವರ್ಷ ತುಂಬುವುದರೊಳಗೆ ಶನಿವಾರ ಮಧ್ಯಾಹ್ನ ವಿಡಿಯೊದಲ್ಲಿ ಪಾಠವೇ ಶುರುವಾಯಿತು. ಬೆಳಗಾವಿ, ಬೀದರ್, ಮುಂಬೈಯಿಂದೆಲ್ಲ ಹೆಂಗಸರು ಸೇರಿ ಅವಳನ್ನು ಟೀಚರಮ್ಮನೆಂಬ ಗೌರವದಿಂದ “ಬಾಯಾರ” ಎಂದು ಕರೆಯುತ್ತಿದ್ದರು. ನನ್ನನ್ನು ಸರ್ ಎನ್ನುವವರು ಆ ಹೊತ್ತಿಗೆ ಒಬ್ಬರೂ ಉಳಿದಿರಲಿಲ್ಲ. ಅದು ನನ್ನ ಟ್ಯಾಬ್ ಎಂಬುದೂ ಯಾರಿಗೂ ನೆನಪಿರಲಿಲ್ಲ.

ಅಷ್ಟನ್ನು ಹೇಗೋ ಸಹಿಸಿಕೊಂಡೆ. ಆಮೇಲೆ ಸೊಲ್ಲಾಪುರದ ಗಂಡಸೊಬ್ಬ ಸೇರಿದ. ನಿವೃತ್ತ ಬ್ಯಾಂಕ್ ಅಧಿಕಾರಿ, ನನ್ನದೇ ವಯಸ್ಸು, ನನಗಿಲ್ಲದ ತಲೆಗೂದಲು.

“ಬಾಯಾರ, ನಿಮ್ಮ ಹೊಲಿಗಿ ಹಿಂದ ಮುಂದ ಒಂದ ಥರಾ ಕಾಣತೈತ್ರಿ. ನಂದು ತಿರುವಿ ಹಾಕಿದ್ರ ಜೇಡರ ಬಲಿ ಆಗೇತಿ ನೋಡ್ರಿ!” ಎಂದ ಒಂದು ದಿನ.

ಹೆಂಡತಿ ಜೋರಾಗಿ ನಕ್ಕಳು. ಪಕ್ಕದ ಕೋಣೆಯಲ್ಲಿ ಪೇಪರ್ ಹಿಡಿದು ಕೂತಿದ್ದ ನನಗೆ ಒಂದು ಸಾಲೂ ತಲೆಗೆ ಹೋಗಲಿಲ್ಲ. ನನ್ನ ಯಾವ ಮಾತಿಗೆ ಅವಳು ಕೊನೆಯ ಸಲ ಹಾಗೆ ನಕ್ಕಿದ್ದಳೆಂದು ಸಂಜೆಯವರೆಗೂ ಯೋಚಿಸಿದೆ. ನೆನಪಾಗಲಿಲ್ಲ.

ಹಾಗಿರುವಾಗ ಒಂದು ಬೆಳಿಗ್ಗೆ ಅಡಿಗೆಮನೆಯಲ್ಲಿ ಅವಳ ಒದ್ದೆ ಕೈಯಿಂದ ಟ್ಯಾಬ್ ಜಾರಿ ಕಡಪಾ ಕಲ್ಲಿನ ಮೇಲೆ ಬಿತ್ತು. ಗಾಜು ಮೂಲೆಯಿಂದ ಮೂಲೆಗೆ ಸೀಳಿತು, ಬೆರಳಿಟ್ಟರೆ ಏನೂ ಅಲುಗಾಡಲಿಲ್ಲ. ಅವಳ ಮುಖ ಸಣ್ಣದಾಯಿತು. ನಾನೇ ಅದನ್ನು ನಮ್ಮ ಏರಿಯಾ ನಾಚಾರಂನ ಮುಖ್ಯರಸ್ತೆಯ ರಿಪೇರಿ ಅಂಗಡಿಗೆ ಒಯ್ದೆ.

ಅಂಗಡಿಯವನು ಬಿಚ್ಚಿ ನೋಡಿ, “ಸಿರ್ಫ್ ಡಿಸ್‌ಪ್ಲೇ ಗಯಾ ಅಂಕಲ್, ಅಂದರ್ ಸಬ್ ಠೀಕ್ ಹೈ. ದೋ ದಿನ್ ಮೇ ದೇ ದೂಂಗಾ,” ಎಂದ. ಒಳಗೆಲ್ಲ ಸರಿಯಿದೆ, ಎರಡೇ ದಿನದ ಕೆಲಸ. ಅಂದರೆ ಶನಿವಾರಕ್ಕೆ ಸರಿಯಾಗಿ. ನಾನು ಹೂಂ ಎನ್ನಬೇಕಿತ್ತು. ಮನೆಯಲ್ಲಿ ಕೇಳಿ ಹೇಳುತ್ತೇನೆಂದು ಟ್ಯಾಬ್ ವಾಪಸು ತಂದೆ.

“ಏನಂದ್ರಿ?” ಬಾಗಿಲಲ್ಲೇ ಕೇಳಿದಳು.

“ಒಳಗಿನ ಬೋರ್ಡ ಹೋಗೇತಂತ. ರಿಪೇರಿ ಆಗೂದಿಲ್ಲ. ಹೊಸಾದ ತಗೊಳ್ಳೋಣು, ದೀಪಾವಳಿಗೆ ಆಫರ್ ಬರತಾವ.”

ದೀಪಾವಳಿಗೆ ಇನ್ನೂ ಐದು ತಿಂಗಳಿತ್ತು.

“ಹೊಸಾದ ಯಾರಿಗೆ ಬೇಕಾಗೇತ್ರಿ? ನನ್ನ ನಕಾಶಿ ಎಲ್ಲಾ ಇದರಾಗ ಅದಾವ. ಬ್ಯಾರೆ ಎಲ್ಲೂ ಇಟ್ಟಿಲ್ಲ.”

ಅದು ನನಗೆ ಗೊತ್ತಿರಲಿಲ್ಲ. ಗೊತ್ತಾದ ಮೇಲೂ ಬಾಯಿ ಬಿಡಲಿಲ್ಲ. ಆ ಶನಿವಾರ ಮನೆ ಶಾಂತವಾಗಿತ್ತು. ಅವಳು ಗ್ರಾಫ್ ಕಾಗದದ ಮೇಲೆ ಒಂದು ನವಿಲನ್ನು ನೆನಪಿನಿಂದ ಬರೆದು, ಅಳಿಸಿ, ಮತ್ತೆ ಬರೆಯುತ್ತ ಕೂತಳು. ನಾನು ಟಿವಿಯಲ್ಲಿ ಕ್ರಿಕೆಟ್ ಹಚ್ಚಿದೆ. ನೆಮ್ಮದಿಯಾಗಬೇಕಿತ್ತು, ಆಗಲಿಲ್ಲ.

ಸೋಮವಾರ ಸೊಲ್ಲಾಪುರದವನ ಫೋನ್ ಬಂತು. ಬೋರ್ಡ್ ಹೋದರೂ ಒಳಗಿನ ಚಿತ್ರಗಳನ್ನು ತೆಗೆಯಲು ಬರಬಹುದು, ಇನ್ನೊಮ್ಮೆ ಕೇಳಿ ನೋಡಿ ಎಂದನಂತೆ. ಅವಳು ಟ್ಯಾಬನ್ನು ಕೈಚೀಲಕ್ಕೆ ಹಾಕಿಕೊಂಡು ಹೊರಟಳು. ಬಿಸಿಲು, ನಾನು ಹೋಗುತ್ತೇನೆ ಎಂದೆ. ಬೇಡವೆಂದು ತಾನೇ ಆಟೊ ಹಿಡಿದಳು.

ಹೋದದ್ದು ಅದೇ ಅಂಗಡಿಗೆ. ಬರಿಗೈಯಲ್ಲಿ ಬಂದು, ಚಪ್ಪಲಿ ಬಿಟ್ಟು, ನೀರು ಕುಡಿದು ನನ್ನೆದುರು ಕೂತಳು.

“ಅಂಕಲ್ ಕೇಳಿ ಹೇಳತೀನಿ ಅಂತ ಹೋದವರು ತಿರುಗಿ ಬರಲೇ ಇಲ್ಲಲ್ಲ, ಅಂದ ಅಂಗಡಿಯಾಂವ. ಯಾಕ್ರಿ?”

ಇನ್ನೊಂದು ಸುಳ್ಳು ಹೊಳೆಯಲಿಲ್ಲ. “ಆ ಸೊಲ್ಲಾಪುರದಾಂವ...” ಎಂದು ಶುರುಮಾಡಿದೆ.

ಅವಳಿಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು. “ಅವರು ನನ್ನ ಕೆಲಸಾ ನೋಡಿ ಭಾಳ ಚಂದ ಐತಿ ಅಂತಾರ್ರಿ. ನೀವು ಮಂದಿ ಕೆಲಸಾ ನೋಡೂದರಾಗ ಆಯುಷ್ಯ ಕಳದ್ರಿ. ಮನ್ಯಾಗಿಂದು ಒಂದ ದಿನಾ ನೋಡಿದ್ರೇನು?”

ಎರಡು ದಿನ ನಮ್ಮ ನಡುವೆ ಊಟಕ್ಕೆ ಕರೆಯುವಷ್ಟೇ ಮಾತು. ರಿಪೇರಿಯಾದ ಟ್ಯಾಬನ್ನು ತರಲು ನನ್ನನ್ನು ಕಳಿಸದೆ ತಾನೇ ಹೋದಳು. ಸಂಜೆ ಅವಳು ತಂದಮೇಲೆ, “ಒಂದೀಟ ತೋರಿಸು,” ಎಂದೆ. ಕೊಟ್ಟಳು. ನೂರಕ್ಕೂ ಹೆಚ್ಚು ನಕಾಶಿಗಳಿದ್ದವು. ತಪ್ಪು ಹುಡುಕುವ ಕಣ್ಣು ನನ್ನದು, ಗೋಪುರವೊಂದರ ಎಡ ಬಲದ ಚೌಕಗಳನ್ನು ಎಣಿಸಿಯೂ ಬಿಟ್ಟೆ. ಒಂದೂ ತಪ್ಪಿರಲಿಲ್ಲ.

“ಚಂದ ಅದಾವ,” ಎಂದೆ.

“ಹೂಂ,” ಎಂದು ಟ್ಯಾಬ್ ತೆಗೆದುಕೊಂಡು ಒಳಗೆ ಹೋದಳು.

ಶನಿವಾರ ಪಾಠ ಮತ್ತೆ ಶುರುವಾಯಿತು. ರಿಪೇರಿ ಹೇಗಾಯಿತೆಂದು ಯಾರೋ ಕೇಳಿದರು. “ನಮ್ಮನಿಯವರು ಮೊದಲು ಅಂಗಡಿಗೆ ಒಯ್ದು ತೋರಿಸಿದ್ರು,” ಎಂದಳು ಹೆಂಡತಿ. ಅದರಲ್ಲಿ ಸುಳ್ಳೇನೂ ಇರಲಿಲ್ಲ.

“ಹೌದ್ರಿ? ಅವರನ್ನೂ ಒಮ್ಮೆ ಕರೀರಲ್ಲ ಬಾಯಾರ, ನಮಸ್ಕಾರ ಮಾಡತೀವಿ,” ಎಂದ ಸೊಲ್ಲಾಪುರದವನು.

ಕರೆದಳು. ಹೋಗಿ ನಿಂತೆ. ಪರದೆಯ ಮೇಲೆ ಅವನು ಎರಡೂ ಕೈ ಮುಗಿದ, ಮುಖದಲ್ಲಿ ಕಪಟವೇ ಇರಲಿಲ್ಲ. ನಾನೂ ಕೈ ಮುಗಿದೆ. ಈ ಮನುಷ್ಯನಿಗೆ ಇಷ್ಟು ದಟ್ಟ ಕೂದಲು ಯಾಕಾದರೂ ಇರಬೇಕು ಎಂದು ಆಗಲೂ ಅನ್ನಿಸಿತು.