ಹೊನ್ನಯ್ಯನವರು ಎಣ್ಣೆ ಹುಡುಕಿದ್ದು

ಭದ್ರಾವತಿಯ ಹೊನ್ನಯ್ಯನವರ ಮನೆ ಮುಂದೆ ಮೆಕ್ಯಾನಿಕ್ ಎಂಬ ಬೋರ್ಡು ಇಲ್ಲ. ಕಾರ್ಖಾನೆಯ ಗ್ಯಾರೇಜಿನಲ್ಲಿ ದುಡಿದು ರಿಟೈರ್ ಆದವರು. ಸುತ್ತಮುತ್ತ ದೊಡ್ಡ ಗಾಡಿ ಕೆಟ್ಟರೆ ಜನ ಅವರಿಗೇ ಫೋನು ಮಾಡುತ್ತಾರೆ. ಅವರು ಬಸ್ಸಿನಲ್ಲಿ ಬರುತ್ತಾರೆ. ಕೈಯಲ್ಲಿ ಒಂದು ಚೀಲ. ಅದರಲ್ಲಿ ಸ್ಪ್ಯಾನರು ಕಡಿಮೆ. ಹರಿದ ಬಿಳಿ ಬನಿಯನ್ ತುಂಡುಗಳು, ಅಡಿಕೆ ಚೀಲ ಹೊಲಿಯುವ ದಾರ, ಒಂದು ಡಬ್ಬಿ ಮಂಡಕ್ಕಿ, ಇಷ್ಟು ಇರುತ್ತದೆ.

ಅವರು ನನ್ನ ಹೆಸರು ಉಳಿಸಿಕೊಟ್ಟರು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಸಿದ್ದು. ವಿದ್ಯಾನಗರದ ವಿಮಲಮ್ಮನವರ ಲೋಡರ್ ಓಡಿಸುತ್ತೇನೆ. ಅಮ್ಮನವರು ಮಣ್ಣಿನ ಕೆಲಸ ಕಾಂಟ್ರಾಕ್ಟ್ ಹಿಡಿಯುತ್ತಾರೆ. ಆಗ ಆಯನೂರು ಕಡೆ ಒಂದು ಲೇಔಟ್ ಸಮ ಮಾಡುತ್ತಿದ್ದೆವು. ಬೆಳಿಗ್ಗೆ ನಾನು, ಊಟದ ಮೇಲೆ ಆನಂದ. ಆನಂದ ನನಗಿಂತ ಚಿಕ್ಕವನು, ಒಳ್ಳೆಯ ಕೆಲಸಗಾರ. ನಾವಿಬ್ಬರೂ ಗಾಡಿಯ ಎಣ್ಣೆಗಳನ್ನು ಹಂಚಿಕೊಂಡಿದ್ದೆವು. ಬಕೆಟ್ ಎತ್ತುವ ಹೈಡ್ರಾಲಿಕ್ ಎಣ್ಣೆ ನನ್ನದು. ಎಂಜಿನ್ ಮತ್ತು ಗೇರ್‌ಬಾಕ್ಸಿನ ಎಣ್ಣೆ ಅವನದು. ಒಬ್ಬರದನ್ನು ಇನ್ನೊಬ್ಬರು ಮುಟ್ಟುತ್ತಿರಲಿಲ್ಲ.

ಆ ತಿಂಗಳು ಹೈಡ್ರಾಲಿಕ್ ಎಣ್ಣೆ ಇಳಿಯತೊಡಗಿತು. ದಿನಾ ಬೆಳಿಗ್ಗೆ ತುಂಬಿಸಬೇಕು, ಮರುದಿನ ನೋಡಿದರೆ ಮತ್ತೆ ಇಲ್ಲ. ಪೈಪು ನೋಡಿದೆ, ಸಿಲಿಂಡರು ನೋಡಿದೆ. ಎಲ್ಲಾ ಒಣ. ನೆಲದ ಮೇಲೆ ಒಂದು ಹನಿ ಬಿದ್ದಿರಲಿಲ್ಲ. ಅಮ್ಮನವರು ಡಬ್ಬ ಕಳಿಸಿದರು, ಮತ್ತೆ ಕಳಿಸಿದರು. ಆಮೇಲೆ ಸೈಟಿಗೇ ಬಂದರು.

"ಸಿದ್ದು, ನೆಲಕ್ಕೆ ಬಿದ್ದಿಲ್ಲ. ಗಾಡೀಲೂ ಇಲ್ಲ. ಮತ್ತೆ ಎಲ್ಲಿಗೆ ಹೋಯ್ತಪ್ಪ?"

"ಗೊತ್ತಾಗ್ತಿಲ್ಲ ಅಮ್ಮಾ."

"ಸ್ವಲ್ಪ ದಿನ ಮನೇಲಿರು. ನೋಡೋಣ."

ಬೈದಿದ್ದರೆ ಚೆನ್ನಾಗಿತ್ತು. ಅವರು ನನ್ನ ಮುಖ ನೋಡದೆ ಮಾತಾಡಿದರು. ಎಣ್ಣೆ ಮಾರಿಕೊಳ್ಳುವ ಡ್ರೈವರ್‌ಗಳು ಇದ್ದಾರೆ. ನಾನೂ ಅವರ ಸಾಲಿಗೆ ಸೇರಿದೆ ಎಂದುಕೊಂಡೆ. ಈ ಮಾತು ಹಬ್ಬಿದರೆ ಶಿವಮೊಗ್ಗದಲ್ಲಿ ಯಾರೂ ಗಾಡಿ ಕೀಲಿ ಕೊಡುವುದಿಲ್ಲ.

"ಅಮ್ಮಾ, ಭದ್ರಾವತಿ ಹೊನ್ನಯ್ಯನೋರು ಬಂದು ನೋಡ್ಲಿ. ಅವರು ಏನು ಹೇಳಿದ್ರೂ ಒಪ್ಕೋತೀನಿ," ಎಂದೆ.

ಅಮ್ಮನವರು ಒಪ್ಪಿದರು.

ಹೊನ್ನಯ್ಯನವರು ಬಂದವರೇ ಮೊದಲು ಮಂಡಕ್ಕಿ ತಿಂದರು. ಗಾಡಿಯ ಸುತ್ತ ಒಂದು ಸುತ್ತು ಹಾಕಿದರು. ಏನನ್ನೂ ಬಿಚ್ಚಲಿಲ್ಲ.

"ಬಿಚ್ಚಲ್ವಾ?" ಅಂತ ಅಮ್ಮನವರು ಕೇಳಿದರು.

"ಬಿಚ್ಚೋದು ಸುಲಭ ಅಮ್ಮಾ. ಎಲ್ಲಿ ಬಿಚ್ಬೇಕು ಅನ್ನೋದೇ ಕಷ್ಟ. ಎಣ್ಣೆ ಹೊರಗೆ ಬಂದಿಲ್ಲ ಅಂದ್ರೆ ಒಳಗೇ ಎಲ್ಲೋ ಹೋಗಿದೆ. ಬೇರೆ ಯಾವುದೋ ಎಣ್ಣೆ ಏರಿರ್ಬೇಕು."

ಎಲ್ಲ ಎಣ್ಣೆಯನ್ನೂ ಗೇಜ್ ಕಡ್ಡಿಯ ಗೆರೆಗೆ ಸರಿಯಾಗಿ ತುಂಬಿಸಿದರು. ಪ್ರತಿ ಮುಚ್ಚಳಕ್ಕೂ ಚೀಲದ ದಾರ ಸುತ್ತಿ ತಮ್ಮದೇ ಗಂಟು ಹಾಕಿದರು. ಅವರು ಎಲ್ಲಿ ಹೋದರೂ ಮಾಡುವುದು ಇದನ್ನೇ.

"ಊಟದ ತನಕ ಓಡ್ಸು ಸಿದ್ದು. ದಾರ ಯಾರೂ ಮುಟ್ಬೇಡಿ."

ಓಡಿಸಿದೆ. ಮಧ್ಯಾಹ್ನ, ಹನಿ ಬಿದ್ದರೆ ಕಾಣಲಿ ಎಂದು ಒಂದು ಹಳೆಯ ಫ್ಲೆಕ್ಸ್ ಬ್ಯಾನರ್ ಹಾಸಿ ಅದರ ಮೇಲೆ ಗಾಡಿ ನಿಲ್ಲಿಸಿದೆ. ಹೊನ್ನಯ್ಯನವರು, ಅಮ್ಮನವರು, ನಾನು ಊಟಕ್ಕೆ ಹೋದೆವು. ಅಷ್ಟರಲ್ಲಿ ಆನಂದ ತನ್ನ ಪಾಳಿಗೆ ಬಂದ.

ನಾವು ವಾಪಸ್ ಬಂದು ನೋಡಿದರೆ ಗಂಟುಗಳು ಹಾಗೇ ಇದ್ದವು. ಹೈಡ್ರಾಲಿಕ್ ಎಣ್ಣೆ ಗೆರೆಯಿಂದ ಕೆಳಗಿಳಿದಿತ್ತು. ಎಂಜಿನ್ ಎಣ್ಣೆ ಏರಿರಲಿಲ್ಲ. ಗೇರ್‌ಬಾಕ್ಸಿನ ಎಣ್ಣೆಯೂ ಏರಿರಲಿಲ್ಲ, ಗೆರೆಗೆ ಸರಿಯಾಗಿತ್ತು. ಫ್ಲೆಕ್ಸ್ ಮೇಲೂ ಒಂದು ಹನಿ ಇರಲಿಲ್ಲ. ಹೊನ್ನಯ್ಯನವರು ಗೇಜ್ ಕಡ್ಡಿಯನ್ನು ಮತ್ತೆ ಮತ್ತೆ ಒರೆಸಿ ಅದ್ದಿ ನೋಡಿದರು. ಅಮ್ಮನವರು ನನ್ನ ಕಡೆ ತಿರುಗಿದರು.

"ಹಿಂಗಾಗೋಕೆ ಸಾಧ್ಯನೇ ಇಲ್ಲ," ಎಂದರು ಹೊನ್ನಯ್ಯನವರು. ಗಾಡಿಯ ಕೆಳಗೆ ಮಲಗಿ ಒಳಗೆ ತೂರಿಕೊಂಡರು. ಸ್ವಲ್ಪ ಹೊತ್ತಿಗೆ ಒಳಗಿನಿಂದಲೇ ಧ್ವನಿ ಬಂತು.

"ಇಲ್ಲೆಲ್ಲಾ ಕೆಸರು ಗಟ್ಟಿಯಾಗಿ ಹಿಡ್ಕೊಂಡಿದೆ. ಗೇರ್‌ಬಾಕ್ಸಿನ ತಳದ ಬೋಲ್ಟ್ ಒಂದು ಮಾತ್ರ ಫಳಫಳ ಅಂತಿದೆ. ಈಗ ತಾನೇ ಯಾರೋ ಒರೆಸಿದಾರೆ. ಎಣ್ಣೆ ಇಳಿಸಿದಾರೆ."

"ಸಿದ್ದು!" ಎಂದರು ಅಮ್ಮನವರು.

"ಅವರಲ್ಲ ಅಮ್ಮಾ. ನಾನು," ಎಂದ ಆನಂದ.

ಹೊನ್ನಯ್ಯನವರು ಕೆಳಗಿನಿಂದ ತಲೆ ಮಾತ್ರ ಹೊರಗೆ ಹಾಕಿದರು.

"ದಿನಾ ನಾನು ಬರೋ ಹೊತ್ತಿಗೆ ಗೇರ್‌ಬಾಕ್ಸಲ್ಲಿ ಎಣ್ಣೆ ಜಾಸ್ತಿ ಇರೋದು ಅಮ್ಮಾ. ಇವತ್ತೂ ಇತ್ತು. ಜಾಸ್ತಿ ಆಗಿದ್ದನ್ನ ಇಳಿಸ್ತಿದ್ದೆ."

"ಯಾಕೆ ಜಾಸ್ತಿ ಆಗ್ತಿದೆ ಅಂತ ಕೇಳ್ಬೇಕು ತಾನೇ ಮಾರಾಯ?" ಎಂದೆ ನಾನು.

ಆನಂದ ತಲೆ ತಗ್ಗಿಸಿದ. "ನಿಮಗೆ ಕಣ್ಣು ಕಾಣಲ್ಲ ಅನ್ಕೊಂಡೆ ಅಣ್ಣಾ. ಪೊರೆ ಆಪರೇಶನ್ ಆಗಿತ್ತಲ್ಲ. ಹೈಡ್ರಾಲಿಕ್‌ಗೆ ಹುಯ್ಯೋದನ್ನ ತಪ್ಪಿ ಗೇರ್‌ಬಾಕ್ಸಿಗೆ ಹುಯ್ತಿದೀರ ಅಂತ. ಅಮ್ಮಂಗೆ ಗೊತ್ತಾದ್ರೆ ನಿಮ್ಮನ್ನ ಗಾಡಿ ಹತ್ತಿಸಲ್ಲ ಅಂತ ಸುಮ್ನಿದ್ದೆ."

"ಇವತ್ತು ಬೆಳಿಗ್ಗೆ ದಾರ ಕಟ್ಟಿತ್ತಲ್ಲೋ! ನಾನು ಹೆಂಗೆ ಹುಯ್ಲಿ?"

"ಅಷ್ಟೊಂದು ಯೋಚ್ನೆ ಮಾಡ್ಲಿಲ್ಲ ಅಣ್ಣಾ. ಮೆಕ್ಯಾನಿಕ್ ಬಂದಿದಾರೆ, ನಿಮ್ಮ ತಪ್ಪು ಸಿಕ್ಕಿಬೀಳುತ್ತೆ ಅನ್ಕೊಂಡು ಬೇಗ ಬೇಗ ಇಳಿಸ್ದೆ."

"ಇಳಿಸಿದ ಎಣ್ಣೆ ಎಲ್ಲಿ?" ಅಮ್ಮನವರು ಕೇಳಿದರು.

"ಪಕ್ಕದ ಬಿಲ್ಡಿಂಗಿನೋರು ಕಾಂಕ್ರೀಟ್ ಅಂಟ್ಬಾರ್ದು ಅಂತ ಸೆಂಟ್ರಿಂಗ್ ಹಲಗೆಗೆ ಹಚ್ಚೋಕೆ ತಗೊಂಡು ಹೋಗ್ತಿದ್ರು. ಇವತ್ತಿಂದು ಶೆಡ್ಡಿನ ಹಿಂದೆ ಇದೆ."

"ಸರಿಹೋಯ್ತು! ನನ್ನ ಎಣ್ಣೇಲಿ ಅವರ ಹಲಗೆ ಮಿಂಚ್ತಿದೆ!" ಅಮ್ಮನವರಿಗೆ ನಗು ಬಂತು.

ಹೊನ್ನಯ್ಯನವರು ಆ ಡಬ್ಬ ತರಿಸಿ ಬಿಳಿ ಬನಿಯನ್ ತುಂಡನ್ನು ಅದ್ದಿದರು. ಇನ್ನೊಂದು ತುಂಡನ್ನು ಹೊಸ ಗೇರ್‌ಬಾಕ್ಸ್ ಎಣ್ಣೆಗೆ ಅದ್ದಿದರು. ಹೊಸದು ದಾಸವಾಳದ ಹಾಗೆ ಕೆಂಪಗಿತ್ತು. ಡಬ್ಬದಲ್ಲಿದ್ದದ್ದು ಹೈಡ್ರಾಲಿಕ್ ಎಣ್ಣೆಯ ಹಾಗೆ ಜೇನಿನ ಬಣ್ಣ, ಕೆಂಪು ಹೆಚ್ಚುಕಮ್ಮಿ ಮಾಸಿಹೋಗಿತ್ತು.

"ನೋಡಿ, ಇದು ಹೈಡ್ರಾಲಿಕ್ ಎಣ್ಣೆ. ಪಂಪು ಗೇರ್‌ಬಾಕ್ಸಿನ ಬೆನ್ನಿಗೆ ಅಂಟ್ಕೊಂಡು ಕೂತಿರುತ್ತೆ. ಎರಡರ ಮಧ್ಯೆ ಇರೋದು ಒಂದು ರಬ್ಬರ್ ಸೀಲು. ಅದು ಹರಿದ್ರೆ ಈ ಕಡೇದು ಆ ಕಡೆಗೆ ದಾಟುತ್ತೆ, ಹೊರಗೆ ಒಂದು ಹನಿ ಕಾಣಲ್ಲ. ಇಳಿದಿದ್ದನ್ನ ಇವನು ನೋಡ್ದ, ಏರಿದ್ದನ್ನ ಅವನು ನೋಡ್ದ. ಇಬ್ರೂ ಮಾತಾಡ್ಕೊಳ್ಲಿಲ್ಲ. ನಂದೂ ತಪ್ಪಿದೆ, ತಳದ ಬೋಲ್ಟಿಗೂ ದಾರ ಕಟ್ಬೇಕಿತ್ತು."

ಆದರೂ ಅವರು ಅಷ್ಟಕ್ಕೇ ಒಪ್ಪಲಿಲ್ಲ. ಮತ್ತೆ ಗೆರೆಗೆ ತುಂಬಿಸಿ, ತಳದ ಬೋಲ್ಟಿಗೂ ಗಂಟು ಹಾಕಿ, ಆನಂದನಿಂದ ಸಂಜೆಯವರೆಗೆ ಓಡಿಸಿದರು. ಹೈಡ್ರಾಲಿಕ್ ಇಳಿಯಿತು, ಗೇರ್‌ಬಾಕ್ಸ್ ಏರಿತು. ಆಗಲೇ ಪಂಪು ಬಿಚ್ಚಲು ಹೇಳಿದ್ದು. ಮಾರನೇ ದಿನ ಬಿಚ್ಚಿದಾಗ ಸೀಲಿನ ಅಂಚು ಹರಿದು ಜೋತಾಡುತ್ತಿತ್ತು. ಅಮ್ಮನವರು ಅದನ್ನು ಅಂಗೈ ಮೇಲೆ ಇಟ್ಟುಕೊಂಡು ತುಂಬಾ ಹೊತ್ತು ನೋಡಿದರು.

"ಇಷ್ಟೇ ಇಷ್ಟು ರಬ್ಬರಿಗೆ ನಿನ್ನ ಮೇಲೆ ಅನುಮಾನ ಪಟ್ನಲ್ಲೋ ಸಿದ್ದು," ಎಂದು ಕೀಲಿ ನನ್ನ ಕೈಗೆ ಕೊಟ್ಟರು. ಈ ಸಲ ಮುಖ ನೋಡಿಯೇ ಕೊಟ್ಟರು.

ಹೊಸ ಸೀಲು ಹಾಕಿ, ಎರಡೂ ಎಣ್ಣೆ ಬದಲಾಯಿಸಿದ ಮೇಲೆ ಹೊನ್ನಯ್ಯನವರು ಬಸ್ ಹತ್ತಿದರು. ಹತ್ತುವಾಗ ಉಳಿದ ದಾರವನ್ನು ನನಗೆ ಕೊಟ್ಟರು. "ಇಟ್ಕೋ. ಆದ್ರೆ ಮೊದ್ಲು ಮಾತಾಡ್ಕೊಳ್ಳಿ. ದಾರ ಆಮೇಲೆ."

ಈಗ ಎಲ್ಲ ಎಣ್ಣೆಯನ್ನೂ ಇಬ್ಬರೂ ನೋಡುತ್ತೇವೆ. ನಿನ್ನೆ ಪಾಳಿ ಬದಲಾಗುವಾಗ ಆನಂದ ಗೇಜ್ ಕಡ್ಡಿ ಎತ್ತಿ ಹಿಡಿದ.

"ಗೆರೆ ಕಾಣ್ತದಾ ಅಣ್ಣಾ?"

"ಗೆರೆ ಮೇಲೆ ನುಸಿ ಕೂತಿರೋದೂ ಕಾಣ್ತದೆ. ಒರೆಸು."

ಅವನು ಕಡ್ಡಿಯನ್ನು ಹತ್ತಿರ ತಂದು ನೋಡಿದ. ನುಸಿ ಇತ್ತು, ಒರೆಸಿದ.