ಮುದ್ದೆಗೆ ಮೂರು ರಾತ್ರಿ

ನನ್ನ ಸೋದರತ್ತೆಯ ಬಲಗೈ ಹೆಬ್ಬೆರಳು ಎಷ್ಟು ತೊಳೆದರೂ ಕೆಂಪು. ಚನ್ನಪಟ್ಟಣದ ಗೊಂಬೆ ಕಾರ್ಖಾನೆಯಲ್ಲಿ, ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿ ಒತ್ತಿ ಬಂದ ಬಣ್ಣ ಅದು. ಅಂಥವಳ ಫೋನು ಕದ್ದು, ಅವಳದೇ ದನಿ ಮಾಡಿ, ದೂರದೇಶದ ಹುಡುಗಿಯೊಬ್ಬಳನ್ನು ಅಳಿಸಿದ ಘನಕಾರ್ಯ ನನ್ನದು. ಬೇರೆಯವರು ಹೇಳುವುದಕ್ಕಿಂತ ನಾನೇ ಒಪ್ಪಿಕೊಳ್ಳುವುದು ವಾಸಿ.

ಅದೇ ಕಾರ್ಖಾನೆಯಲ್ಲಿ ನಾನು ಗೊಂಬೆಗಳನ್ನು ಡಬ್ಬಿಗೆ ತುಂಬುತ್ತೇನೆ. ಅದಕ್ಕಿಂತ ಹೆಚ್ಚಾಗಿ ಕಂಡವರ ದನಿ ಮಾಡುತ್ತೇನೆ. ಮೇಸ್ತ್ರಿ ಬಯ್ಯುವುದು, ಮಾಗಡಿ ಬಸ್ಸಿನ ಕಂಡಕ್ಟರು ಚಿಲ್ಲರೆಗೆ ಜಗಳ ಆಡುವುದು, ಹುಡುಗಿಯರ ಮುಂದೆ ನಾನೇ ತೊದಲುವುದು. ಊಟದ ಹೊತ್ತಿಗೆ ಎಲ್ಲರೂ ನನ್ನ ಸುತ್ತ ಕೂರುತ್ತಿದ್ದರು. ಆ ಜಾಗವನ್ನು ಅತ್ತೆ ಕಿತ್ತುಕೊಂಡಳು.

ಗೊಂಬೆ ಕೆಲಸ ಕಲಿಯಲು ಬಂದ ಫ್ರಾನ್ಸಿನ ಹುಡುಗಿಯೊಬ್ಬಳು ಅತ್ತೆಯ ಮನೆಯಲ್ಲಿ ಎರಡು ವರ್ಷ ಇದ್ದಳು. ಅವಳು ಕನ್ನಡ ಕಲಿತು ಅತ್ತೆಯನ್ನು ಅಮ್ಮ ಅಂದಳು, ಅತ್ತೆ ಫ್ರೆಂಚು ಕಲಿತಳು. ಆಮೇಲೆ ಅವಳು ತನ್ನ ಊರಿಗೆ ಹೋಗಿ ಶಿಶುವಿಹಾರದಲ್ಲಿ ಟೀಚರಾದಳು. ಅದೇ ವರ್ಷ ಮಾವ ತೀರಿಕೊಂಡರು. ಅತ್ತೆಯ ನಿದ್ದೆಯೂ ಹೋಯಿತು.

"ಸುಮ್ಕೆ ಮಲಗಿದ್ರೆ ನಿಮ್ಮಾವ ಕೆಮ್ಮಿದಂಗಾಯ್ತದೆ ಕಣ್ಲಾ. ಪದ ಹುಡುಕ್ತಾ ಇದ್ರೆ ಕೇಳಕ್ಕಿಲ್ಲ" ಅನ್ನುತ್ತಿದ್ದಳು.

ನಮ್ಮಜ್ಜಿ ಮಕ್ಕಳಿಗೆ ಹಾಡುತ್ತಿದ್ದ ಪದಗಳನ್ನೆಲ್ಲ ಅವಳು ರಾತ್ರಿಯಿಡೀ ಕೂತು ಫ್ರೆಂಚಿಗೆ ತಿರುಗಿಸುತ್ತಿದ್ದಳು. ಬರೆಯುತ್ತಿದ್ದದ್ದು ಹರಿದ ಡಬ್ಬಿಯ ರಟ್ಟಿನ ಮೇಲೆ, ಕನ್ನಡ ಅಕ್ಷರದಲ್ಲಿ. ಇರುವೆ ಮುದ್ದೆ ಹೊತ್ತುಕೊಂಡು ಬೀಗರ ಮನೆಗೆ ಹೋಗುವ ಒಂದು ಪದವಿತ್ತು. ಮುದ್ದೆಗೆ ಮೂರು ರಾತ್ರಿ ಹಿಡಿಯಿತು.

"ಬ್ರೆಡ್ ಅಂತ ಹಾಕು ಅತ್ತೆ, ಮುಗೀತು" ಅಂದೆ.

"ಬೀಗರ ಮನೇಗೆ ಯಾರಾದ್ರೂ ಬ್ರೆಡ್ ತಗಂಡೋದಾರೇನ್ಲಾ? ಅವ್ರಿಗೇನು ಜ್ವರ ಬಂದೈತಾ? ಮುದ್ದೇನ ಮುದ್ದೆ ಅಂತ್ಲೇ ಬುಟ್ಟಿವ್ನಿ."

ಬೆಳಗ್ಗೆ ಅದನ್ನು ಫೋನಿನಲ್ಲಿ ಹಾಡಿ ಕಳಿಸಿದಳು. ಮೂರನೆಯ ದಿನ ಊಟದ ಹೊತ್ತಿಗೆ ಉತ್ತರ ಬಂತು: ಆ ಶಿಶುವಿಹಾರದ ಮಕ್ಕಳೆಲ್ಲ ಸೇರಿ ಹಾಡುತ್ತಿದ್ದವು, ನಡುನಡುವೆ ಗಟ್ಟಿಯಾಗಿ "ಮುದ್ದೆ, ಮುದ್ದೆ" ಅಂತ. ಕಾರ್ಖಾನೆ ಪೂರ್ತಿ ಅವಳ ಫೋನಿನ ಸುತ್ತ. ನಾನು ಮೇಸ್ತ್ರಿಯ ದನಿ ತೆಗೆದೆ. ಮೇಸ್ತ್ರಿಯೇ, "ಒಸಿ ತಡಿಯೋ, ಮಕ್ಕಳ ಪದ ಕೇಳವ" ಅಂದರು. ಅವತ್ತು ನನಗೆ ಅನ್ನ ಸೇರಲಿಲ್ಲ.

ಹೀಗೇ ತಿಂಗಳು ಕಳೆಯಿತು. ಒಂದು ಮಧ್ಯಾಹ್ನ ಅತ್ತೆ ಕೈ ತೊಳೆಯಲು ಹೋದಾಗ ಫೋನು ಎತ್ತಿಕೊಂಡು ಅದರೊಳಗೆ ಹಾಡಿದೆ. ಅವಳದೇ ಮೂಗುದನಿ, ಸಾಲಿನ ಕೊನೆಗೆ ಅವಳು ಎಳೆಯುವ ಅದೇ ರಾಗ. ಮಾತು ಮಾತ್ರ ಒಂದೂ ಇಲ್ಲ, ಬರೀ ಫ್ರೆಂಚಿನ ಸದ್ದು. ಕಳಿಸಿಯೂ ಬಿಟ್ಟೆ. ಹುಡುಗಿ ಇದನ್ನೂ ಮೆಚ್ಚಿ ನಕ್ಕರೆ, ಅತ್ತೆಯದು ಅಂಥ ದೊಡ್ಡ ವಿದ್ಯೆಯೇನಲ್ಲ ಎಂದು ಎಲ್ಲರಿಗೂ ತೋರಿಸಬಹುದಿತ್ತು.

ಐದೇ ನಿಮಿಷಕ್ಕೆ ವಿಡಿಯೋ ಕಾಲ್ ಬಂತು. ಹುಡುಗಿ ಅಳುತ್ತಿದ್ದಳು.

"ಅಮ್ಮನಿಗೆ ಏನು ಆಯ್ತು? ನನ್ನ ಅಜ್ಜಿಗೆ ಸ್ಟ್ರೋಕ್ ಆದಾಗ ಹೀಗೇ ಮಾತು. ಬೇಗ ಆಸ್ಪತ್ರೆ, ಬೇಗ."

ಫೋನು ಹಿಡಿದು ಅತ್ತೆಯನ್ನು ಕೂಗಿದೆ. ಅತ್ತೆ ಸೆರಗಿಗೆ ಕೈ ಒರೆಸುತ್ತ ಬಂದು ಮುಖ ತೋರಿಸಿದಳು. ಎಷ್ಟೋ ಹೊತ್ತು ಮೆಲ್ಲಗೆ ಫ್ರೆಂಚಿನಲ್ಲಿ ಸಮಾಧಾನ ಮಾಡಿದಳು. ಕೊನೆಗೆ ಆ ಹುಡುಗಿ ನಕ್ಕಳು. ಪಕ್ಕದಲ್ಲೇ ನಿಂತಿದ್ದ ನನಗೆ ಒಂದು ಮಾತೂ ತಿಳಿಯಲಿಲ್ಲ.

ಆಮೇಲೆ ಅತ್ತೆ ನಾನು ಕಳಿಸಿದ್ದನ್ನು ಎಲ್ಲರ ಮುಂದೆ ಹಾಕಿಸಿ ಕೇಳಿದಳು. ಮೇಸ್ತ್ರಿ, "ದನಿ ಮಾತ್ರ ಥೇಟ್ ನಿಂದೇ ಕಣಕ್ಕ" ಅಂದರು. ನಾಚಿಕೆಗೆಟ್ಟ ನನಗೆ ಆಗಲೂ ಒಳಗೊಳಗೇ ಹಿಗ್ಗು.

"ಹಂಗಾರೆ ನಿಂಗೂ ನಂಗೂ ಏನತ್ತೆ ವ್ಯತ್ಯಾಸ?" ಅಂದುಬಿಟ್ಟೆ.

ಅಂದಿನಿಂದ ನಾನು ಅವಳ ದನಿಯೊಂದನ್ನು ಮಾತ್ರ ಮಾಡುವುದಿಲ್ಲ. ಹೊಟ್ಟೆಕಿಚ್ಚು ಹೋಗಿದೆ ಎಂದಲ್ಲ, ಅದು ಇನ್ನೂ ಹಾಗೇ ಇದೆ. ಆದರೆ ಅತ್ತೆ ಅವತ್ತು ಬಯ್ಯಲಿಲ್ಲ, ಕಿವಿ ಹಿಂಡಲಿಲ್ಲ. ಫೋನನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಇಷ್ಟೇ ಅಂದಳು:

"ಬಿದ್ಕಂಡ ತಕ್ಷಣ ಗೊರಕೆ ಹೊಡ್ಯೋನಿಗೆ ದನಿ ಬತ್ತದೆ ಅಳಿಮಯ್ಯ, ಪದ ಬರಕ್ಕಿಲ್ಲ."