ಖಾಲಿ ಕಾಗದಕ್ಕೆ ಅಪ್ಪನ ಸಹಿ

ಅಸಾಮಿ ಎದುರು ಸಿಕ್ಕರೆ ಇಂದಿಗೂ ನಾನು ಜೇಬಿನ ಕಾಗದ ಮುಟ್ಟಿ ನೋಡಿಕೊಳ್ಳುತ್ತೇನೆ. ಅಸಾಮಿ ಎಂದರೆ ಜಹೀರಾಬಾದಿನಲ್ಲಿ ನಮ್ಮ ಹೊಲದ ದಾವೆ ನಡೆಸುತ್ತಿದ್ದ ವಕೀಲ.

ನಿಜಾಮರ ಕಾಲ. ನ್ಯಾಲ್ಕಲ್ಲಿನ ಬಾವಿ ಹೊಲ ತನ್ನದೆಂದು ಜಾಗೀರದಾರನ ಭಾವಮೈದುನ ಅಡ್ಡಗಾಲು ಹಾಕಿದ್ದ. ನಮಗಿದ್ದ ನೀರಿನ ಹೊಲ ಅದೊಂದೇ. ಒಂದೊಂದು ಅರ್ಜಿಗೂ ಬಂಡಿ ಹೂಡಿಕೊಂಡು ಪೇಟೆಗೆ ಬರುವುದು ಯಾರಿಗೆ ಬೇಕೆಂದು ಅಪ್ಪನೂ ಸೇರಿ ನಮ್ಮ ಕಡೆಯ ಹಿರಿಯರು ವಕೀಲನ ಕೈಗೆ ಖಾಲಿ ಛಾಪಾ ಕಾಗದಕ್ಕೆ ಸಹಿ ಹಾಕಿ ಕೊಟ್ಟುಬಿಡುತ್ತಿದ್ದರು. ಎತ್ತು ಕೊಳ್ಳುವಾಗ ಹಲ್ಲು ಎಣಿಸುವ ಜನ ಇವರೇ.

ಪೇಶಿಗೆ, ಅಂದರೆ ವಿಚಾರಣೆಗೆ, ಎರಡು ದಿನ ಇರುವಾಗ ವಕೀಲನ ಮುನ್ಷಿ ಮನೆಗೆ ಬಂದ. "ಸಾಹೇಬರಿಗಿ ಮೈಯಾಗ ಆರಾಮಿಲ್ರಿ. ನಿಮ್ಮ ಮುಕದ್ಮಾ ಬಿಟ್ಟಾರ. ಬ್ಯಾರೆಯವರ್ನ ನೋಡ್ಕೊಳ್ರಿ."

"ಅಯ್ಯ, ಜ್ವರಾ ಬಂದಾವೇನು?" ಎಂದರು ಅಪ್ಪ. ವಕೀಲನಿಗೆ ತುಪ್ಪ ಕಳಿಸಲು ಅವ್ವನಿಗೆ ಹೇಳಿದರು. ಹೈದರಾಬಾದಿನ ಕಾಲೇಜಿನಿಂದ ರಜೆಗೆ ಬಂದಿದ್ದ ನಾನೂ ಅಂಥ ಜಾಣನೇನಲ್ಲ. ತುಪ್ಪದ ಗಡಿಗೆ ಹೊತ್ತು ಮುನ್ಷಿಯ ಬಂಡಿಗೆ ಇಟ್ಟವನು ನಾನೇ.

ಮರುದಿನ ಪೇಟೆಯಲ್ಲಿ ಬೇರೆ ವಕೀಲರು ಸಿಗಲಿಲ್ಲ. ಎದುರಾಳಿಯ ಹೆಸರು ಕೇಳಿದ್ದೇ ಒಬ್ಬರಿಗೆ ಮದುವೆ, ಇನ್ನೊಬ್ಬರಿಗೆ ಹಲ್ಲುನೋವು. ವಿಚಾರಣೆ ಮುಂದೂಡಲು ಮುದ್ದತ್ತಾದರೂ ಕೇಳೋಣವೆಂದು, ಅದಾಲತ್ತಿನ ಕಡತ ನೋಡುವ ಪೇಶಕಾರನ ಬಳಿ ಹೋದೆವು.

"ಯಾರು ಬಿಟ್ಟಾರ್ರಿ?" ಎಂದ ಆತ, ಎಲೆಅಡಿಕೆ ಒಂದು ದವಡೆಗೆ ತಳ್ಳಿ. "ಮಿಸಲಿನಾಗ ಅವರ ಹೆಸರೇ ಅದ. ನಾಳಿ ನಿಮ್ಮ ರಾಜಿ ಕಾಗದ ಹಾಜರ್ ಮಾಡ್ತೀನಿ ಅಂದಾರಲ್ಲ. ಹೊಲ ಬಿಟ್ಟುಕೊಟ್ಟೀರಂತ, ಚೊಲೋ ಆತು ಬಿಡ್ರಿ."

ಅಸಾಮಿ ಎದುರಾಳಿಯ ಕಡೆ ಸೇರಿದ್ದ. ನಮಗೆ ಬಿಟ್ಟೆನೆಂದು ಹೇಳಿ, ಅದಾಲತ್ತಿಗೆ ಹೇಳದೆ, ವಕೀಲನಿಲ್ಲದೆ ನಾವು ಪೇಶಿಗೆ ಬಾರದಿರುವಂತೆ ಮಾಡಿದ್ದ. ಸಹಿಯ ಮೇಲಿನ ಖಾಲಿ ಜಾಗ ತುಂಬಲು ಅವನಿಗೆ ಎಷ್ಟು ಹೊತ್ತು ಬೇಕು?

ಅಲ್ಲೇ ಜಗಲಿಯ ಮೇಲೆ ಕೂತು ಉರ್ದುವಿನಲ್ಲಿ ಅರ್ಜಿ ಬರೆದೆ: ಈ ವಕೀಲನ ವಕಾಲತ್ತು ರದ್ದು, ಅವನು ತರುವ ಬರಹ ನಮ್ಮದಲ್ಲ, ಹೊಸ ವಕೀಲ ಸಿಗುವವರೆಗೆ ಮುದ್ದತ್ತು ಕೊಡಬೇಕು.

ಅಪ್ಪ ಸಹಿ ಹಾಕಲು ಒಲ್ಲೆನೆಂದರು. "ನಮ್ಮ ಮನ್ಯಾಗ ಉಂಡ ಮನಷ್ಯಾನ ಮ್ಯಾಲ ಹಿಂಗ ಬರೀತಿಯೇನೋ?"

"ಉಂಡು ಹೋಗ್ಯಾನ, ಈಗ ತಾಟೂ ಒಯ್ಯಾಕ ನಿಂತಾನ್ರಿ ಅಪ್ಪಾ."

ಮೂರು ಸಲ ಓದಿಸಿ ಕೊನೆಗೆ ಸಹಿ ಹಾಕಿದರು. ಸುಮ್ಮನೆ ಸಹಿ ಹಾಕುವ ಕೈಗೆ ಆ ದಿನವೇ ವಿವೇಕ ಬರಬೇಕಿತ್ತು. ಪೇಶಕಾರ ಕದ ಹಾಕಲು ಎದ್ದಿದ್ದ. ಅರ್ಜಿ ತಳ್ಳಿ ಠಸ್ಸೆ ಹಾಕಿಸಿಕೊಂಡೆ.

ಮರುದಿನ ಅಸಾಮಿ ಅತ್ತರು ಪೂಸಿಕೊಂಡು ಬಂದ. ಜ್ವರದ ಸುಳಿವಿಲ್ಲ. ಮುನ್ಸಿಫರು ಅವನು ಕೊಟ್ಟ ರಾಜಿ ಕಾಗದವನ್ನು ಅಪ್ಪನ ಮುಂದೆ ಹಿಡಿದು ಸಹಿ ಯಾರದೆಂದು ಕೇಳಿದರು. ಅಪ್ಪ ಕೊರಳ ಲಿಂಗ ಮುಟ್ಟಿಕೊಂಡರು.

"ಸಹಿ ನಂದೇರಿ. ಬರದದ್ದು ನಂದಲ್ಲ. ನಾ ಹಾಕಿದಾಗ ಅದು ಬಿಳಿ ಕಾಗದ ಇತ್ರಿ."

ಮುನ್ಸಿಫರು ರಾಜಿ ಕಾಗದವನ್ನು ತಳ್ಳಿಹಾಕಿ ಒಂದು ತಿಂಗಳ ಮುದ್ದತ್ತು ಕೊಟ್ಟರು. ಅಸಾಮಿ ನಗುತ್ತಲೇ ಅಪ್ಪನಿಗೆ ಶರಣು ಹೇಳಿದ, ಅಪ್ಪ ಕೈಮುಗಿದರು.

ಹೊರಗೆ ಬಂದು ಕೇಳಿದೆ, "ಅವನ ಹಂತ್ಯಾಕ ಇನ್ನೂ ಎಷ್ಟು ಕಾಗದ ಅದಾವ್ರಿ?"

"ಯಾರು ಎಣಿಸ್ಯಾರ," ಎಂದರು ಅಪ್ಪ.